ಮರುವಾಯಿ ಚಿಪ್ಪು, 44 ಗ್ರಾಂ ಮತ್ತು ಒಂದು ನೀಲಿ ಮಗ್

ನಾನು ಕಲಿತ ಶಾಲೆಯ ಬಾವಿಕಟ್ಟೆಯಲ್ಲಿದ್ದ ನೀಲಿ ಪ್ಲಾಸ್ಟಿಕ್ ಮಗ್ ಒಮ್ಮೆ ಸೊಟ್ಟಗಾಗಿತ್ತು, ಅದು ನನ್ನ ಕೆಲಸ. ಆಗ ಹೇಳುವ ಧೈರ್ಯ ಇರಲಿಲ್ಲ. ಈಗ ಬರೆಯುತ್ತಿದ್ದೇನೆ, ಬೈಯುವವರು ಬೈಯಲಿ.

ಒಂಬತ್ತನೇ ಕ್ಲಾಸು. ವಿಜ್ಞಾನದ ಮಾಷ್ಟ್ರು ಪರಮಾಣು ರಾಶಿಯ, ಅಂದರೆ ಯಾವ ಪರಮಾಣು ಎಷ್ಟು ಭಾರ ಎಂಬುದರ ಪಾಠ ಶುರು ಮಾಡಿದ್ದರು. ಕ್ಯಾಲ್ಸಿಯಂ 40, ಕಾರ್ಬನ್ 12, ಆಕ್ಸಿಜನ್ 16 ಅಂತ ಬೋರ್ಡಿನಲ್ಲಿ ಬರೆದರೆ ಉಡುಪಿಯ ನಮಗೆ ಅದು ಮಂಗಳೂರಿನ ಸಿಟಿ ಬಸ್ಸಿನ ನಂಬರಿನ ಹಾಗೆ, ಯಾವುದು ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ. ಮರುದಿನ ಅವರು ಒಂದು ತೊಟ್ಟೆ ತುಂಬ ಮರುವಾಯಿ (ನಮ್ಮ ಕರಾವಳಿಯ ಚಿಪ್ಪುಮೀನು) ಚಿಪ್ಪು ತಂದು ಮೇಜಿನ ಮೇಲೆ ಸುರಿದರು. ನಮಗೆ ಮರುವಾಯಿ ಅಂದರೆ ಊಟಕ್ಕೆ ಮಾಡುವ ಸುಕ್ಕ, ಒಣ ಮಸಾಲೆಯ ಪಲ್ಯ. ಹಿಂದಿನ ಬೆಂಚಿನವನು "ಮಾಂಸ ಎಲ್ಲಿ ಸರ್?" ಅಂತ ಕೇಳಿಯೇಬಿಟ್ಟ.

ಈ ಚಿಪ್ಪು ಹೆಚ್ಚುಕಮ್ಮಿ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಒಂದು ಕ್ಯಾಲ್ಸಿಯಂ, ಒಂದು ಕಾರ್ಬನ್, ಮೂರು ಆಕ್ಸಿಜನ್; ಕೂಡಿಸಿದರೆ 100. ಗೂಡಿನಲ್ಲಿ 900 ಡಿಗ್ರಿ ಸೆಲ್ಸಿಯಸ್ ಹತ್ತಿರ ಸುಟ್ಟರೆ ಸುಟ್ಟ ಸುಣ್ಣ. "ಕಲಬೆರಕೆ ಇಲ್ಲದ್ದು 100 ಗ್ರಾಂ ಸುಟ್ಟರೆ 56 ಗ್ರಾಂ ಉಳಿಯುತ್ತದೆ. ಬಾಕಿ 44 ಎಂತ ಆಯ್ತು?" ನಾನು ಎದ್ದು "ಬೂದಿ ಆಯ್ತು ಸರ್" ಅಂದೆ. "ಬೂದಿ ಆದ್ರೆ ಅದೂ ತಕ್ಕಡಿಯಲ್ಲೇ ಇರ್ಬೇಕಲ್ಲ ಮಾರಾಯಾ?" ಕ್ಲಾಸೆಲ್ಲ ನಗು. ಆಮೇಲೆ ನನ್ನನ್ನೇ ಬೋರ್ಡಿಗೆ ಕರೆದು ಕೂಡಿಸಲು ಹೇಳಿದರು. ಕಾರ್ಬನ್ 12, ಎರಡು ಆಕ್ಸಿಜನ್ 32. ಸರಿಯಾಗಿ 44! ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗಿತ್ತು. ಆವತ್ತು ಆ ನಂಬರುಗಳಿಗೆ ತೂಕ ಬಂತು.

ಮತ್ತೆ ಒಂದು ಸ್ಟೀಲ್ ಪಾತ್ರೆಯಲ್ಲಿ ಸುಟ್ಟ ಚಿಪ್ಪು ಹಾಕಿ, ನಮ್ಮನ್ನೆಲ್ಲ ದೂರ ನಿಲ್ಲಿಸಿ, ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿದರು. ಮೊದಲು ಏನೂ ಇಲ್ಲ. ಆಮೇಲೆ ಸುಂಯ್ ಅಂತ ಸದ್ದು, ಹಬೆ, ಅಷ್ಟು ಹೊತ್ತು ಚಿಪ್ಪಿನ ಆಕಾರದಲ್ಲೇ ಇದ್ದದ್ದು ಬಿರುಕು ಬಿಟ್ಟು ಅಕ್ಕಿಹಿಟ್ಟಿನ ಹಾಗೆ ಅರಳಿತು. ಒಲೆ ಇಲ್ಲ, ಬೆಂಕಿ ಇಲ್ಲ. "ಬಹಿರುಷ್ಣಕ ಕ್ರಿಯೆ" (ಬಿಸಿಯನ್ನು ಹೊರಗೆ ಬಿಡುವ ಕ್ರಿಯೆ) ಎಂಬ ನಾಲಿಗೆ ಹೊರಳದ ಪದ ಬೋರ್ಡಿಗೆ ಬಂದದ್ದು ಅದಾದ ಮೇಲೆ. ನನ್ನ ಪ್ರಕಾರ ಆ ಕ್ರಮವೇ ಸರಿ. ನನ್ನ ಮಗಳಿಗೆ ಪದ ಬಾಯಿಪಾಠ, ಹಬೆ ನೋಡಿಲ್ಲ.

ಅದೇ ಅರಳಿದ ಸುಣ್ಣ ಚಿಟಿಕೆಯಷ್ಟು ಅರಸಿನದ ನೀರಿಗೆ ಹಾಕಿದರು, ಕೆಂಪಾಯಿತು. ಮನೆಯಲ್ಲಿ ಅಜ್ಜಿ ಆರತಿಗೆ ಮಾಡುವ ನೀರು ಅಲ್ವಾ ಇದು! ಸುಣ್ಣ ಪ್ರತ್ಯಾಮ್ಲ, ಅಂದರೆ ಹುಳಿಯ (ಆಮ್ಲದ) ವಿರುದ್ಧ ಗುಣದ್ದು, ಅರಸಿನ ಅದನ್ನು ಹಿಡಿದುಕೊಡುತ್ತದೆ. ಅಜ್ಜಿಗೆ ಹೇಳಿದರೆ "ಅದಕ್ಕೂ ಶಾಲೆಗೆ ಹೋಗ್ಬೇಕಾ?" ಅಂದರು.

ಮಗ್ಗಿನ ವಿಷಯಕ್ಕೆ ಬರುತ್ತೇನೆ. ಊಟದ ಬಿಡುವಿನಲ್ಲಿ ಉಳಿದಿದ್ದ ಸುಟ್ಟ ಚಿಪ್ಪನ್ನು ಮುಷ್ಟಿಗಟ್ಟಲೆ ಅದರೊಳಗೆ ಹಾಕಿ ನೀರು ಸುರಿದೆ. ಏನೂ ಆಗ್ಲಿಲ್ಲ ಅಂತ ಬಗ್ಗಿ ನೋಡಲು ಹೊರಟಾಗ ಗೆಳೆಯ ಕಾಲರ್ ಹಿಡಿದು ಎಳೆದ. ಅವನು ಎಳೆಯದಿದ್ದರೆ ಸುಣ್ಣ ಕಣ್ಣಿಗೇ ಹಾರುತ್ತಿತ್ತು, ದೃಷ್ಟಿಯೇ ಹೋಗಬಹುದಿತ್ತು. ಈಗಿನ ಮಕ್ಕಳು ದಯವಿಟ್ಟು ಇದನ್ನು ಮಾಡಬೇಡಿ. ಮಗ್ ಮಾತ್ರ ಒಂದು ಬದಿಗೆ ವಾಲಿ ಕುಳಿತಿತ್ತು.

ಆ ವರ್ಷ ಕ್ಲಾಸಿಗೆ ಸುಣ್ಣ ಬಳಿದಾಗ ಮಾಷ್ಟ್ರು ಗೋಡೆ ತಟ್ಟಿ, "ನೋಡಿ, ಇದು ಗಾಳಿಯಿಂದ ಆ 44ನ್ನು ವಾಪಸ್ ಎಳೆದುಕೊಂಡು ಪುನಃ ಚಿಪ್ಪೇ ಆಗ್ತದೆ" ಅಂದಿದ್ದರು. ಮೊನ್ನೆ ಶಾಲೆಗೆ ಬಂದಾಗ ನೋಡಿದೆ, ಕ್ಲಾಸಿಗೆಲ್ಲ ಪೇಂಟು. ಬಾವಿಕಟ್ಟೆಗೆ ಇನ್ನೂ ಸುಣ್ಣವೇ. ಮಗ್ ಸ್ಟೀಲಿನದ್ದು.