ಕಿಲುಬು ತೆಗೆಯದ ಹಿಡಿ

ಸ್ಟ್ರಾಸ್‌ಬರ್ಗ್, 12 ಅಕ್ಟೋಬರ್ 2024, ಶನಿವಾರ, ವಿಜಯದಶಮಿ

ನಿನ್ನೆ ಆಯುಧಪೂಜೆ. ಇಲ್ಲಿ ರಜೆಯಿಲ್ಲ. ಸಂಜೆ ಕಚೇರಿಯಿಂದ ಬಂದು ಈಳಿಗೆಮಣೆಗೂ ಸೈಕಲ್ಲಿಗೂ ಕುಂಕುಮ ಇಟ್ಟು, ಬಾಲ್ಕನಿಯ ಕುಂಡದಲ್ಲಿದ್ದ ನಾಲ್ಕು ಸೇವಂತಿಗೆ ಮುಡಿಸಿದೆ. ಮೂರು ವರ್ಷದಿಂದ ಹುಡುಕುತ್ತಿದ್ದ ಕತ್ತಿ ಪೂಜೆಗೆ ಒಂದು ದಿನ ತಡವಾಗಿ, ಇವತ್ತು ಮನೆಗೆ ಬಂತು. ಫ್ರೆಂಚ್ ಲಘು ಅಶ್ವದಳದ 1822ರ ಮಾದರಿಯ ಸೇಬರ್, ಅಂದರೆ ಕುದುರೆ ಸವಾರರ ಬಾಗಿದ ಕತ್ತಿ.

ಬೆಳಗ್ಗೆ ಊರಾಚೆಯ ಸಭಾಂಗಣದಲ್ಲಿ ಹಳೆಯ ಸೈನಿಕ ಸಾಮಗ್ರಿಗಳ ಸಂತೆಯಿತ್ತು. ಪಕ್ಕಪಕ್ಕದ ಮೇಜುಗಳ ಮೇಲೆ ಒಂದೇ ಮಾದರಿಯ ಎರಡು ಕತ್ತಿಗಳು. ಮೊದಲನೆಯದು ಬಾಗಿಲಿನಿಂದಲೇ ಕಣ್ಣು ಸೆಳೆಯುತ್ತಿತ್ತು. ಹಿತ್ತಾಳೆಯ ಹಿಡಿ ಹಬ್ಬದ ದಿನದ ದೀಪದ ಕಂಬದಂತೆ ಹೊಳೆಯುತ್ತಿತ್ತು, ಅಲಗಿನಲ್ಲಿ ಮುಖ ಕಾಣುತ್ತಿತ್ತು. ಯಂತ್ರಕ್ಕೆ ಹಿಡಿದು ತಾವೇ ಉಜ್ಜಿದ್ದಾಗಿ ಮಾರುವವರು ಸಂತೋಷದಿಂದ ಹೇಳಿದರು. ನಾನು ಅದನ್ನು ಕಿಟಕಿಯ ಬೆಳಕಿಗೆ ಒಯ್ದು ಬೆನ್ನು ನೋಡಿದೆ. ಎದೆ ಧಸಕ್ಕೆಂದಿತು.

ಫ್ರೆಂಚ್ ಸರ್ಕಾರಿ ಕಾರ್ಖಾನೆಯ ಕತ್ತಿಯನ್ನು ಓದುವುದು ಬೆನ್ನಿನಿಂದ. ಹಿಡಿಯ ಹತ್ತಿರ, ಹರಿತವಿಲ್ಲದ ಆ ದಪ್ಪ ಅಂಚಿನ ಮೇಲೆ, ಕಾರ್ಖಾನೆಯ ಹೆಸರನ್ನೂ ತಿಂಗಳು ವರ್ಷಗಳನ್ನೂ ಓರೆ ಅಕ್ಷರಗಳಲ್ಲಿ ಕೊರೆದಿರುತ್ತಾರೆ. ಆಗ ದೇಶವನ್ನು ಆಳುತ್ತಿದ್ದವರು ಯಾರು ಎಂಬುದೂ ಅಲ್ಲೇ ಇರುತ್ತದೆ. ನೆಪೋಲಿಯನ್ ಚಕ್ರವರ್ತಿಯಾಗಿದ್ದಾಗಿನದು ‘ಆಂಪೇರಿಯಾಲ್’ (ಚಕ್ರವರ್ತಿಯದು), ದೊರೆಗಳು ಮರಳಿದ ಮೇಲಿನದು ‘ರ್ವಾಯಾಲ್’ (ರಾಜನದು), 1848ರ ಕ್ರಾಂತಿಯ ನಂತರದ್ದು ‘ನಾಸ್ಯೊನಾಲ್’ (ರಾಷ್ಟ್ರದ್ದು), 1852ರಲ್ಲಿ ಮೂರನೆಯ ನೆಪೋಲಿಯನ್ ಪಟ್ಟವೇರಿದ ಮೇಲೆ ಮತ್ತೆ ‘ಆಂಪೇರಿಯಾಲ್’. ಅಂಗೈ ಅಗಲದ ಜಾಗದಲ್ಲಿ ಅರ್ಧ ಶತಮಾನದ ರಾಜಕೀಯ.

ಮಿಂಚುತ್ತಿದ್ದ ಆ ಕತ್ತಿಯ ಬೆನ್ನಿನ ಮೇಲೆ ಕಾರ್ಖಾನೆಯ ಊರಾದ ‘ಶಾತೆಲ್‌ರೋ’ ಎಂಬುದರ ಮೊದಲ ಮೂರು ಅಕ್ಷರಗಳಷ್ಟೇ ಉಳಿದಿದ್ದವು. ವರ್ಷದ ಕೊನೆಯ ಅಂಕೆ ಇರಲಿಲ್ಲ. ಅಲಗಿನ ಬುಡದಲ್ಲಿ ತನಿಖೆಗಾರರು ಒತ್ತುತ್ತಿದ್ದ ಪುಟ್ಟ ಮುದ್ರೆಗಳು ಮಳೆಯಲ್ಲಿ ನೆನೆದ ಬೆಲ್ಲದಚ್ಚಿನಂತೆ ಕರಗಿಹೋಗಿದ್ದವು. ಯಾರ ಕೈಯಲ್ಲಿ ಪರೀಕ್ಷೆಗೊಂಡು ಹೊರಬಿತ್ತು ಎಂದು ಹೇಳುವ ಸಾಕ್ಷಿ ಅದು. ಒಂದು ಮಧ್ಯಾಹ್ನದ ಉಜ್ಜಾಟದಲ್ಲಿ ಹೋಯಿತು, ಇನ್ನು ಬರುವುದಿಲ್ಲ. ಮಾರುವವರ ಮೇಲೆ ಸಿಟ್ಟು ಬರಲಿಲ್ಲ. ಅವರು ಪ್ರೀತಿಯಿಂದಲೇ ಹಾಗೆ ಮಾಡಿದ್ದರು. ದುಃಖ ಮಾತ್ರ ಇನ್ನೂ ಹೋಗಿಲ್ಲ.

ಎರಡನೆಯದನ್ನು ಯಾರೂ ಮುಟ್ಟುತ್ತಿರಲಿಲ್ಲ. ಹಿಡಿಯ ಸಂದುಗಳಲ್ಲಿ ಹಸಿರು ಕಿಲುಬು, ಅಲಗಿಗೆ ಕಾಫಿ ಕಷಾಯದ ಬಣ್ಣ. ಹಿಡಿಗೆ ಸುತ್ತಿದ ಚರ್ಮ ಒಂದು ಕಡೆ ಹರಿದು, ಹುರಿ ಮಾಡಿದ ಹಿತ್ತಾಳೆ ತಂತಿ ಸಡಿಲವಾಗಿತ್ತು. ಮೊದಲು ಕೈಯನ್ನು ಕಾಯುವ ಕವಲುಗಳನ್ನು ಎಣಿಸಿದೆ: ಮೂರು. ನಾಲ್ಕಿದ್ದರೆ ಅದು ಅದೇ ವರ್ಷದ, ಲಘು ದಳಕ್ಕಿಂತ ಭಾರದ ‘ಲೀನ್ಯ’ ಅಶ್ವದಳದ ಮಾದರಿ, ಅದರ ಅಲಗು ಇನ್ನೂ ಉದ್ದ. ಆಮೇಲೆ ಟೇಪು ಹಿಡಿದೆ. ಅಲಗು ಸುಮಾರು 92 ಸೆಂಟಿಮೀಟರ್, ಬಾಗು ಸ್ವಲ್ಪವೇ. ಮೂರು ಕವಲು ಕಂಡೊಡನೆ ಫ್ರೆಂಚ್ ಎಂದುಕೊಳ್ಳುವಂತಿಲ್ಲ. ಅಮೆರಿಕದ ಸೇನೆ ತನ್ನ 1840ರ ಅಶ್ವದಳದ ಕತ್ತಿಯನ್ನು ಫ್ರೆಂಚರದನ್ನು ನೋಡಿಯೇ ಮಾಡಿಸಿತು, ಜರ್ಮನಿಯ ಝೋಲಿಂಗನ್‌ನ ಕಮ್ಮಾರರೂ ಅದೇ ರೂಪದವನ್ನು ಮಾಡಿ ಮಾರಿದರು.

ಹೊಸ ಪ್ರತಿಕೃತಿಗಳನ್ನು ಬೆರಳುಗಳೇ ಹಿಡಿದುಕೊಡುತ್ತವೆ. ಹಳೆಯ ಅಲಗು ಹಿಡಿಯ ಬಳಿ ದಪ್ಪವಿದ್ದು ತುದಿಗೆ ಹೋಗುತ್ತಾ ತೆಳುವಾಗುತ್ತದೆ, ಆದ್ದರಿಂದಲೇ ಕೈಯಲ್ಲಿ ಹಗುರ ಎನಿಸುತ್ತದೆ. ಅಲಂಕಾರಕ್ಕೆಂದು ಮಾಡಿದ್ದು ಹೆಚ್ಚಾಗಿ ಒಂದೇ ದಪ್ಪದ ಪಟ್ಟಿ. ಇಂಥವು ನಮ್ಮ ಭಾರತದಲ್ಲೂ ತಯಾರಾಗಿ ಹೊರದೇಶಗಳಿಗೆ ಬರುತ್ತವೆ. ಪ್ರತಿಕೃತಿಯೆಂದೇ ಹೇಳಿ ಮಾರಿದರೆ ಅದರಲ್ಲಿ ತಪ್ಪೇನಿಲ್ಲ. ಕಿಲುಬು ಹಚ್ಚಿ ಹಳೆಯದೆಂದು ಮಾರುವುದು ಮೋಸ.

ಬೆನ್ನಿನ ಮೇಲಿನ ಅಕ್ಷರಗಳು ಕಪ್ಪಿನೊಳಗೆ ಮುಚ್ಚಿಹೋಗಿದ್ದವು. ಮೊಬೈಲಿನ ಬೆಳಕನ್ನು ಓರೆಯಾಗಿ ಬಿಟ್ಟಾಗ ಒಂದೊಂದೇ ಎದ್ದು ಬಂದವು. ಕ್ಲಿಂಗೆಂತಾಲ್‌ನ ರಾಜ ಕಾರ್ಖಾನೆ, ‘7ಬ್ರ್’, 1829. ಈ ಹವ್ಯಾಸದ ಮೊದಲ ವರ್ಷ ನಾನು ಈ 7ನ್ನು ಜುಲೈ ಎಂದು ಓದುತ್ತಿದ್ದೆ. ಅದು ಸೆಪ್ಟೆಂಬರ್. ಲ್ಯಾಟಿನ್ನಿನ ಸೆಪ್ಟೆಮ್ ಎಂದರೆ ಏಳು, ನಮ್ಮ ಸಪ್ತವೇ. ಹಾಗೆಯೇ 8, 9 ಎಂದಿದ್ದರೆ ಅಕ್ಟೋಬರ್, ನವೆಂಬರ್. ರೋಮನ್ ಹತ್ತು ಇದ್ದರೆ ಡಿಸೆಂಬರ್. ಅಷ್ಟ, ನವ, ದಶ ಎಂದು ಮಗ್ಗಿಯಂತೆ ಹೇಳಿಕೊಂಡ ದಿನದಿಂದ ತಪ್ಪಿಲ್ಲ.

ಕ್ಲಿಂಗೆಂತಾಲ್ ಎಂಬ ಹೆಸರು ಕಂಡಾಗ ಚೌಕಾಸಿ ಮಾಡುವ ಮನಸ್ಸೇ ಹೋಯಿತು. ಹೆಸರಿನ ಅರ್ಥವೇ ಅಲಗುಗಳ ಕಣಿವೆ. ನನ್ನ ಮನೆಯಿಂದ ಗಂಟೆಯೊಳಗಿನ ದಾರಿ, ಮೋಂ ಸ್ಯಾಂತ್ ಒದಿಲ್ ಬೆಟ್ಟದ ಬುಡ. 1730ರಲ್ಲಿ ಹದಿನೈದನೆಯ ಲೂಯಿ ದೊರೆ ಅಲ್ಲಿ ಕತ್ತಿಯ ಕಾರ್ಖಾನೆ ತೆರೆಯಿಸಿ, ಅಲಗು ಹದಮಾಡುವ ವಿದ್ಯೆ ಬಲ್ಲ ಕಮ್ಮಾರರನ್ನು ಝೋಲಿಂಗನ್‌ನಿಂದ ಕರೆಸಿ ನೆಲೆಗೊಳಿಸಿದ. ಚಕ್ರ ತಿರುಗಿಸಲು ಎನ್ ಹೊಳೆಯ ನೀರು, ಇದ್ದಿಲಿಗೆ ಸುತ್ತಲಿನ ಕಾಡು. ಆದರೆ ಗಡಿ ತೀರ ಹತ್ತಿರ. ನೆಪೋಲಿಯನ್ನನ ಸೋಲಿನೊಂದಿಗೆ ಶತ್ರುಸೇನೆಗಳು ನಮ್ಮ ಈ ಅಲ್ಸಾಸ್ ಪ್ರಾಂತಕ್ಕೆ ನುಗ್ಗಿದ ಮೇಲೆ ಸರ್ಕಾರ ದೇಶದ ಒಳಭಾಗದ ಶಾತೆಲ್‌ರೋದಲ್ಲಿ 1819ರಲ್ಲಿ ಇನ್ನೊಂದು ಕಾರ್ಖಾನೆ ಕಟ್ಟಿತು. 1830ರ ದಶಕದಲ್ಲಿ ಸೇನೆಯ ಕೆಲಸವೆಲ್ಲ ಅಲ್ಲಿಗೇ ಹೋಯಿತು. ನನ್ನ ಕತ್ತಿ ಈ ಕಣಿವೆಯ ಸರ್ಕಾರಿ ದಿನಗಳ ಕೊನೆಯ ವರ್ಷಗಳದ್ದು.

ಒರೆಯನ್ನು ನೋಡುತ್ತಾ ಅರ್ಧ ಗಂಟೆ ಕಳೆದೆ. ಸೊಂಟಪಟ್ಟಿಗೆ ತೂಗುಹಾಕಲು 1822ರ ಒರೆಗೆ ಎರಡು ಬಳೆಗಳಿದ್ದವು. 1880ರ ದಶಕದಲ್ಲಿ ಸೇನೆ ಕೆಳಗಿನದನ್ನು ತೆಗೆಸಿತು. ಇದರಲ್ಲಿ ಒಂದೇ ಬಳೆ, ಇನ್ನೊಂದಿದ್ದ ಕಡೆ ಕಬ್ಬಿಣಕ್ಕೆ ಸುತ್ತಲೂ ಮಾಸಿದ ಗೆರೆ. ಅಂದರೆ ಅರ್ಧ ಶತಮಾನ ಕಳೆದರೂ ಈ ಒರೆ ಸೇನೆಯಲ್ಲೇ ಇತ್ತು. ಹಿಡಿಯ ಮೇಲಿನ ಸಂಖ್ಯೆಯೂ ಒರೆಯ ಮೇಲಿನ ಸಂಖ್ಯೆಯೂ ಮಾತ್ರ ಬೇರೆ ಬೇರೆ. ಯಾವುದೋ ಉಗ್ರಾಣದಲ್ಲಿ ಅಥವಾ ಯಾವುದೋ ಅಟ್ಟದ ಮೇಲೆ ಜೋಡಿ ಬದಲಾಗಿದೆ. ಸಂಗ್ರಹಕಾರರು ಇದನ್ನು ದೊಡ್ಡ ಕೊರತೆ ಎನ್ನುತ್ತಾರೆ, ಬೆಲೆಯೂ ಇಳಿಯುತ್ತದೆ. ಮಾರುವ ಹಿರಿಯರು ನಾನು ಕೇಳುವ ಮೊದಲೇ ಅದನ್ನು ತೋರಿಸಿದರು. ಅವರ ಮೇಲೆ ಗೌರವ ಹುಟ್ಟಿತು. ಎಲ್ಲರೂ ನೆಪೋಲಿಯನ್ ಕಾಲದ ‘ಹನ್ನೊಂದನೆಯ ವರ್ಷ’ದ ಸೇಬರ್ ಕೇಳಿಕೊಂಡು ಬರುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ ಎಂದರು. ಕ್ರಾಂತಿಯ ಪಂಚಾಂಗದ ಹನ್ನೊಂದನೆಯ ವರ್ಷವೆಂದರೆ 1802ರ ಸೆಪ್ಟೆಂಬರಿನಿಂದ 1803ರ ಸೆಪ್ಟೆಂಬರ್. ಅದರ ಬೆಲೆ ನನ್ನ ಕೈಗೆ ಎಟುಕುವಂಥದ್ದಲ್ಲ. ಎಟುಕಿದ್ದರೂ ಇವತ್ತು ನಾನು ಇದನ್ನೇ ತರುತ್ತಿದ್ದೆ.

ಸಂಜೆ ಅಮ್ಮ ಸಕಲೇಶಪುರದಿಂದ ವಿಡಿಯೊ ಕರೆ ಮಾಡಿದಳು. ಹಬ್ಬದ ಅಡುಗೆಯ ವಿಷಯ ಮುಗಿದ ಮೇಲೆ ಕತ್ತಿ ತೋರಿಸಿದೆ.

“ಅಯ್ಯೋ ಪುಟ್ಟಿ, ಹೀಗೆ ಕಪ್ಪಗಿದೆಯಲ್ಲ! ಹುಣಸೆಹುಳಿ ಉಪ್ಪು ಹಚ್ಚಿ ತಿಕ್ಕಬಾರದೇ? ನಿನ್ನೆ ನಿಮ್ಮಪ್ಪನ ಕತ್ತಿ, ಮಚ್ಚು, ಗುದ್ದಲಿ ಎಲ್ಲವನ್ನೂ ಬೂದಿ ಹಾಕಿ ತಿಕ್ಕಿಸಿದೆ.”

ಅಮ್ಮನ ಮಾತು ಸುಳ್ಳಲ್ಲ. ಆಯುಧಪೂಜೆ ಎಂದರೆ ನಮ್ಮ ಮನೆಯಲ್ಲಿ ಮೊದಲು ತೊಳೆಯುವುದು, ಆಮೇಲೆ ಕುಂಕುಮ. ತೋಟದ ಮಚ್ಚು ನಾಳೆಯೂ ಕೆಲಸ ಮಾಡಬೇಕು, ಅದು ಹೊಳೆಯಬೇಕು. ಈ ಕತ್ತಿಯ ಕೆಲಸ ಮುಗಿದಿದೆ. ಅದಕ್ಕೆ ಈಗ ಉಳಿದಿರುವುದು ತನ್ನ ಮೈಮೇಲಿನ ಬರಹ ಮಾತ್ರ, ಹುಣಸೆಹುಳಿ ಲೋಹದ ಜೊತೆಗೆ ಅದನ್ನೂ ತಿನ್ನುತ್ತದೆ. ಹೀಗೆಂದು ಅಮ್ಮನಿಗೆ ಹೇಳಿದೆ. ಬೆಳಗ್ಗೆ ಕಂಡ ಇನ್ನೊಂದು ಕತ್ತಿಯ ಕಥೆಯನ್ನೂ ಹೇಳಿದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅಜ್ಜಿಯ ಹಿತ್ತಾಳೆ ಚೊಂಬಿನ ಮೇಲೆ ಅವರ ಅಪ್ಪನ ಹೆಸರು ಇತ್ತು. ತಿಕ್ಕಿ ತಿಕ್ಕಿ ಈಗ ಓದಲು ಬರುವುದಿಲ್ಲ,” ಎಂದಳು.

ನನಗೆ ಈ ವಿಷಯ ಗೊತ್ತೇ ಇರಲಿಲ್ಲ. ಆ ಚೊಂಬನ್ನು ಎಷ್ಟೋ ಸಲ ನಾನೇ ತಿಕ್ಕಿದ್ದೇನೆ. ಬೆಳಕನ್ನು ಓರೆಯಾಗಿ ಬಿಟ್ಟು ಫೋಟೊ ತೆಗೆದು ಕಳುಹಿಸು ಎಂದು ಕೇಳಿದ್ದೇನೆ.

ಅಲಗಿಗೆ ಹತ್ತಿಬಟ್ಟೆಯಲ್ಲಿ ತೆಳುವಾಗಿ ಎಣ್ಣೆ ಸವರಿದೆ, ಹೊಸ ತುಕ್ಕು ಹಿಡಿಯದಿರಲೆಂದು. ಹಿತ್ತಾಳೆಯನ್ನು ಮುಟ್ಟಲಿಲ್ಲ. ಕುಂಕುಮವನ್ನು ಲೋಹಕ್ಕೆ ತಾಗಿಸದೆ ಮೇಜಿನ ಅಂಚಿಗೆ ಇಟ್ಟು, ನಿನ್ನೆಯ ಸೇವಂತಿಗೆಯಲ್ಲಿ ಬಾಡದೆ ಉಳಿದ ಒಂದನ್ನು ಪಕ್ಕದಲ್ಲಿಟ್ಟೆ. ನಾಳೆ ಭಾನುವಾರ. ಮಳೆ ಇಲ್ಲದಿದ್ದರೆ ಕ್ಲಿಂಗೆಂತಾಲ್‌ಗೆ ಹೋಗಿ ಎನ್ ಹೊಳೆಯ ದಡದಲ್ಲಿ ನಡೆದು ಬರುತ್ತೇನೆ. ಕತ್ತಿ ಮನೆಯಲ್ಲೇ ಇರುತ್ತದೆ. ಬೆನ್ನಿನ ಬರಹದ ಫೋಟೊ ಸಾಕು.