ಅಂಚಿನಲ್ಲಿ ಉಳಿದ ಎರಡು ಪದ

“ಹಾಗಾದರೆ ನಮ್ಮ ತಾತ ಯುದ್ಧ ಮಾಡಲಿಲ್ಲವೇನಪ್ಪಾ?” ಎಂದು ಎದುರುಮನೆಯ ಅಜ್ಜಿ ಭಾನುವಾರ ಕೇಳಿದ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಅವರ ಕೈಯಲ್ಲಿದ್ದದ್ದು ಕೆಂಪು ದಾರಕ್ಕೆ ಕಟ್ಟಿದ ಒಂದು ಪದಕ. ಮೊದಲ ಮಹಾಯುದ್ಧದಲ್ಲಿ, ಇಂದಿನ ಇಸ್ರೇಲಿನಲ್ಲಿರುವ ಹೈಫಾದ ರಣರಂಗದಲ್ಲಿಯೇ ದೊರೆಗಳು ತಾತನ ಎದೆಗೆ ತೊಡಿಸಿದ್ದೆಂದು ಮನೆಯವರೆಲ್ಲ ನಂಬಿ, ಪ್ರತಿ ಆಯುಧಪೂಜೆಗೂ ಹುಣಸೆಹಣ್ಣು ಹಚ್ಚಿ ಉಜ್ಜಿ ದೇವರ ಮುಂದಿಡುತ್ತಿದ್ದ ಬಿಲ್ಲೆ ಅದು. ಹಳೆಯ ವಸ್ತುಗಳ ವ್ಯಾಪಾರಿಯೊಬ್ಬ ಅದನ್ನು ನೋಡಿ, ಈ ಪದಕ ಬೆಳ್ಳಿಯದಾಗಿರಬೇಕು, ಇದು ಕಂಚು, ಆದ್ದರಿಂದ ನಕಲಿ ಎಂದು ಹೇಳಿ, ಆದರೂ ಇನ್ನೂರು ರೂಪಾಯಿ ಕೊಡುತ್ತೇನೆ ಎಂದನಂತೆ. ನಕಲಿಯೆಂದು ನಿಜವಾಗಿ ನಂಬಿದವನು ಅಷ್ಟನ್ನಾದರೂ ಏಕೆ ಕೊಡುತ್ತಿದ್ದ? ಅವನಿಗೆ ವಿಷಯ ಗೊತ್ತಿತ್ತೆಂದೇ ನನ್ನ ಅನುಮಾನ.

ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆಯ ತಲೆ, ಮತ್ತೊಂದು ಮುಖದಲ್ಲಿ ಕುದುರೆಯೇರಿದ ಬರಿಮೈಯ ವೀರ, ಗೊರಸಿನಡಿ ಹದ್ದಿನ ಚಿತ್ರವಿರುವ ಗುರಾಣಿ, ಬದಿಗಳಲ್ಲಿ 1914 ಮತ್ತು 1918. ಇದು ಆ ಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗೆ ಬ್ರಿಟಿಷರು ಕೊಟ್ಟ ಬ್ರಿಟಿಷ್ ವಾರ್ ಮೆಡಲ್ ಎಂಬುದರಲ್ಲಿ ಸಂದೇಹವಿರಲಿಲ್ಲ. ಅದರ ಮೇಲಿನ ಇಸವಿಗಳು ಯುದ್ಧದವೇ ಹೊರತು ಪದಕ ತಯಾರಾದ ಕಾಲದವಲ್ಲ; ಅದು ಸ್ಥಾಪನೆಯಾದದ್ದೇ 1919ರ ಜುಲೈನಲ್ಲಿ, ಹೈಫಾ ಗೆದ್ದದ್ದು 1918ರ ಸೆಪ್ಟೆಂಬರ್ 23ರಂದು. ರಣರಂಗದಲ್ಲಿ ತೊಡಿಸಿದ ಕಥೆ ಅಲ್ಲಿಗೇ ಬಿದ್ದುಹೋಯಿತು. ಇನ್ನು ಲೋಹದ ಮಾತು: ಕಾದಾಡಿದವರಿಗೆ ಬೆಳ್ಳಿಯಲ್ಲಿ ಕೊಟ್ಟ ಇದೇ ಪದಕವನ್ನು, ಇದೇ ಚಿತ್ರದೊಂದಿಗೆ, ಮಣ್ಣು ಅಗೆದವರಿಗೆ, ಹೊರೆ ಹೊತ್ತವರಿಗೆ ಕಂಚಿನಲ್ಲಿ ಕೊಟ್ಟರು. ಅಂಥವು ಸುಮಾರು 1,10,000. ಒಂದೇ ಸಮುದ್ರ ದಾಟಿ ಹೋದವರನ್ನು ಲೋಹದಿಂದ ಬೇರ್ಪಡಿಸಿದ ಆ ಲೆಕ್ಕಾಚಾರ ನನಗೆ ಇಂದಿಗೂ ಸಹ್ಯವಾಗುವುದಿಲ್ಲ.

ಪಡೆದವನ ಗುರುತು ಇರುವುದು ಅಂಚಿನಲ್ಲಿ. ದೀಪದಡಿ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿದೆ. ಭಕ್ತಿಯಿಂದ ಉಜ್ಜಿದ ಕೈಗಳೇ ಸಂಖ್ಯೆಯನ್ನೂ ಹೆಸರನ್ನೂ ಅಳಿಸಿದ್ದವು. ಇಂಗ್ಲಿಷ್ ಅಕ್ಷರಗಳಲ್ಲಿ ಉಳಿದಿದ್ದದ್ದು “ಸೈಸ್” ಮತ್ತು “ಮೈಸೂರ್” ಎಂಬ ಎರಡು ಪದ ಮಾತ್ರ. ಪದಕ ಅಸಲಿ ಎಂದು ಸಂತೋಷದಿಂದಲೇ ಹೇಳಿದೆ. ಸೈಸ್ ಎಂದರೇನೆಂದು ಅಜ್ಜಿ ಕೇಳಿದರು. ಲಾಯದಲ್ಲಿ ಕುದುರೆಗಳನ್ನು ನೋಡಿಕೊಳ್ಳುವವರು ಎಂದೆ. ಆಗ ಬಂದದ್ದು ಆ ಪ್ರಶ್ನೆ. ಪಕ್ಕದಲ್ಲಿದ್ದ ಮಗ, ಸವಾರರೆಂದು ಊರೆಲ್ಲ ಹೇಳಿಕೊಂಡು ಬಂದೆವಲ್ಲ ಎಂದು ಗೊಣಗಿದ್ದು ನನಗೆ ಹಿಡಿಸಲಿಲ್ಲ. ಅಜ್ಜಿಯ ದನಿಯಲ್ಲಿ ಇದ್ದದ್ದು ನಾಚಿಕೆಯಲ್ಲ, ತಾತನನ್ನು ಈಗ ಹೊಸದಾಗಿ ಗುರುತಿಸಬೇಕಾದವರ ಗಲಿಬಿಲಿ.

“ಮಾಡಿದರು ಅಜ್ಜಿ” ಎಂದಷ್ಟೇ ನಾನು ಉತ್ತರಿಸಿದೆ. ಅದು ಸಾಲದಾಯಿತು. ತಾತ ಅಂದು ಹೈಫಾದಲ್ಲಿದ್ದರೇ ಎಂಬುದನ್ನು ಈ ಪದಕ ಹೇಳುವುದಿಲ್ಲ. ಆದರೆ ಮೈಸೂರು, ಜೋಧಪುರದ ಅಶ್ವದಳಗಳು ಆ ಊರನ್ನು ಗೆದ್ದ ದಿನ ಮಡಿದ ಯೋಧರು 8, ಗಾಯಗೊಂಡವರು 34, ಸತ್ತ ಕುದುರೆಗಳು 60, ಗಾಯಗೊಂಡ ಕುದುರೆಗಳು 83. ಕತ್ತಲಾದ ಮೇಲೆ ಆ 83 ಕುದುರೆಗಳ ಬಳಿ ನೀರಿನ ಬಕೆಟ್ಟು, ಬಟ್ಟೆ ಹಿಡಿದು ಯಾರೋ ಕುಳಿತಿರಲೇಬೇಕಲ್ಲವೇ? ಇದು ನನಗೆ ಭಾನುವಾರ ಹೊಳೆಯಲಿಲ್ಲ. ನಾಳೆ ಬೆಳಿಗ್ಗೆ ಹೋಗಿ ಹೇಳಬೇಕು. ಇನ್ನು ಮುಂದೆ ಹುಣಸೆಹಣ್ಣು ಹಚ್ಚದೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕೆಂದೂ ಹೇಳಬೇಕು.