ವಿಕಟಕವಿಯನ್ನು ತಿರುಗಿಸಿದರೆ ವಿಕಟಕವಿ ಬರಲಿಲ್ಲ

ತುಮಕೂರಿನಲ್ಲಿ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಸುವುದು ನನ್ನ ಕೆಲಸ. ಮಧ್ಯಾಹ್ನ ಎರಡರ ಬ್ಯಾಚು. ಗುಬ್ಬಿ, ಕೊರಟಗೆರೆ, ಸಿರಾ ಕಡೆಯಿಂದ ಬಸ್ಸು ಹತ್ತಿ ಬರುವ ಮಕ್ಕಳು. ಉಂಡ ಹೊಟ್ಟೆ, ಮೇಲೆ ಫ್ಯಾನಿನ ಜೋಗುಳ. ಆ ಹೊತ್ತಿನಲ್ಲಿ ಫಿಬೊನಾಕಿ ಸರಣಿ (ಹಿಂದಿನ ಎರಡನ್ನು ಕೂಡಿದರೆ ಮುಂದಿನ ಸಂಖ್ಯೆ) ಅಂದರೆ ಕಥೆ ಮುಗಿಯಿತು. ಅದರ ಉತ್ತರ ಎಲ್ಲರ ಮೊಬೈಲಿನಲ್ಲೂ ಇದೆ. ನೋಡಿಕೊಂಡು ಟೈಪ್ ಮಾಡಿ, ಔಟ್‌ಪುಟ್ ತೋರಿಸಿ ಆಕಳಿಸುತ್ತಾರೆ.

ನಿದ್ದೆ ಬಿಡಿಸೋಣ ಅಂತ ಒಮ್ಮೆ ಮೂರನೇ ವಾರಕ್ಕೇ ಎಂಟು ರಾಣಿಗಳ ಲೆಕ್ಕ ಕೊಟ್ಟೆ: ಚೆಸ್ ಬೋರ್ಡಿನ ಮೇಲೆ ಒಂದಕ್ಕೊಂದು ಹೊಡೆಯದಂತೆ ಕೂರಿಸಬೇಕು. 92 ಉತ್ತರಗಳಿವೆ ಅಂತ ಜಂಬದಿಂದ ಹೇಳಿದೆ. ಒಂದೂ ಬರಲಿಲ್ಲ. ಮಾರನೇ ದಿನ ಹಿಂದಿನ ಬೆಂಚು ಖಾಲಿ.

ಆಮೇಲೆ ಸಿಕ್ಕಿದ್ದು ವಿಕಟಕವಿ. ಹಿಂದಿನಿಂದ ಓದಿದರೂ ಅದೇ ಇರುವ ಪದ ಹೌದೋ ಅಲ್ಲವೋ ಅಂತ ಹೇಳುವ ಎರಡು ಸಾಲಿನ ಪ್ರೋಗ್ರಾಂ. 'ಕನಕ' ಕೊಟ್ಟರೆ ಟ್ರೂ. 'ವಿಕಟಕವಿ' ಕೊಟ್ಟರೆ ಫಾಲ್ಸ್!

"ಸಾರ್, ಇದಕ್ಕೆ ಕನ್ನಡ ಬರಲ್ಲ!"

ತಿರುಗಿಸಿದ್ದನ್ನು ಪ್ರಿಂಟ್ ಮಾಡಿ ನೋಡ್ರಪ್ಪ ಅಂದೆ. ಮೊದಲಿಗೆ ಒಂದು ಅನಾಥ ಗುಡಿಸು, ಅದರ ಹಿಂದೆ 'ವಕಟಕಿವ'. ನಾವು ಐದಕ್ಷರ ಎಣಿಸುತ್ತೇವೆ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರ, ಚಿಹ್ನೆಗೂ ಒಂದೊಂದು ನಂಬರ್ ಕೊಡುವ ಯೂನಿಕೋಡಿನ ಲೆಕ್ಕದಲ್ಲಿ ಗುಡಿಸೂ ಬೇರೆಯದೇ ಒಂದು, ಹಾಗಾಗಿ ಏಳು. ತಿರುಗಿಸಿದಾಗ ಗುಡಿಸು ತನ್ನ 'ವ'ವನ್ನು ಬಿಟ್ಟು ಪಕ್ಕದ 'ಕ'ಕ್ಕೆ ಅಂಟಿಕೊಂಡಿತ್ತು. ತಕ್ಷಣ ಎಲ್ಲರೂ ತಂತಮ್ಮ ಹೆಸರು ಹಾಕಿ ಉದ್ದ ಅಳೆಯತೊಡಗಿದರು. 'ಲಕ್ಷ್ಮಿ' ಬಾಯಿಗೆ ಎರಡಕ್ಷರ, ಪೈಥಾನಿಗೆ ಏಳು. ಗುಡಿಸು, ಕೊಂಬುಗಳನ್ನು ಹಿಂದಿನ ಅಕ್ಷರಕ್ಕೆ ಸೇರಿಸಿದರೆ ವಿಕಟಕವಿ ಸರಿಹೋಯಿತು, ಒತ್ತಕ್ಷರ ಕೈಕೊಟ್ಟಿತು. ಒತ್ತಕ್ಷರದ ನಡುವೆ ಅಡಗಿರುವ ಹಲಂತದ (್) ಮುಂದಿನ ವ್ಯಂಜನವನ್ನೂ ಎಳೆದುಕೊಳ್ಳಬೇಕು ಅನ್ನುವುದನ್ನು ನಾನು ಹೇಳಲಿಲ್ಲ. ಹೇಳದೆ ಕೂರುವುದು ಬಹಳ ಕಷ್ಟದ ಕೆಲಸ, ನಿಜ ಹೇಳಬೇಕೆಂದರೆ.

ಫಿಬೊನಾಕಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಸರಿ ಉತ್ತರ ಯಾವುದು ಅಂತ ಅವರಿಗೆ ಮೊದಲೇ ಗೊತ್ತು. ನನ್ನ ಮುಖ ನೋಡಬೇಕಾಗಿಲ್ಲ.

ಮುಂದಿನ ವಾರ ಕಾಪ್ರೇಕರ್ ಲೆಕ್ಕ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್ 1949ರಲ್ಲಿ ಕಂಡುಕೊಂಡದ್ದು. ನಾಲ್ಕಂಕಿಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ, ಅದರಿಂದ ಏರಿಕೆಯದನ್ನು ಕಳೆಯಿರಿ, ಬಂದದ್ದಕ್ಕೆ ಮತ್ತೆ ಅದನ್ನೇ ಮಾಡಿ. ನಾಲ್ಕೂ ಅಂಕಿ ಒಂದೇ ಆಗಿರದಿದ್ದರೆ ಏಳು ಸುತ್ತಿನೊಳಗೆ 6174 ಬಂದು ನಿಲ್ಲುತ್ತದೆ. ಹೊರಗೆ ನಿಂತ ಕೆಎ-06 ಬೈಕುಗಳ ನಂಬರ್ ಬರೆದುಕೊಂಡು ಬನ್ನಿ ಅಂದೆ. ಬಿಸಿಲಲ್ಲಿ ಓಡಿದರು.

ಒಬ್ಬನದು 2111. ಅವನ ಪ್ರೋಗ್ರಾಂ ಸೊನ್ನೆಗೆ ಬಂದು ಸತ್ತಿತು. ಪೇಪರಿನಲ್ಲಿ ಮಾಡಿದರೆ 0999, 8991, 8082, 8532, ಆಮೇಲೆ 6174. ಯಂತ್ರ 0999ರ ಮುಂದಿನ ಸೊನ್ನೆ ನುಂಗಿ, 999ರಿಂದ 999 ಕಳೆದಿತ್ತು. ಅರ್ಧ ಗಂಟೆ ತಲೆ ಕೆರೆದುಕೊಂಡು ಅವನೇ ಹಿಡಿದ. ಝಡ್‌ಫಿಲ್ ಬಗ್ಗೆ ಪಾಠ ಮಾಡಬೇಕಾಗಲೇ ಇಲ್ಲ, "ಸಾರ್, ಮುಂದೆ ಸೊನ್ನೆ ತುಂಬೋಕೆ ಏನಾದ್ರೂ ಇದ್ಯಾ?" ಅಂತ ಅವನೇ ಕೇಳಿದ.

ಸಿಲಬಸ್‌ನಲ್ಲಿ ಫಿಬೊನಾಕಿ ಇನ್ನೂ ಇದೆ. ಹತ್ತು ನಿಮಿಷದಲ್ಲಿ ಮುಗಿಸಿಬಿಡುತ್ತೇನೆ.